ಚಳಿಗಾಲದಲ್ಲಿ ಕುದುರೆಗೆ ಏನು ಕೊಡಬೇಕು: ಹುಲ್ಲು, ಬಿಸಿ ಹುರುಳಿ ಮತ್ತು ಕೈತಿಂಡಿ

ಡಿಸೆಂಬರ್ ಬಂದರೆ ಸಾಕು, ಲಾಯಗಳಲ್ಲಿ ಬೆಲ್ಲ, ಶುಂಠಿ, ಓಂಕಾಳು, ಬೆಳ್ಳುಳ್ಳಿ ಎಲ್ಲ ಹೊರಗೆ ಬರುತ್ತವೆ. ಹುರುಳಿಯ ಪಾಲು ಎರಡರಷ್ಟಾಗುತ್ತದೆ. ಹುಲ್ಲು ಮಾತ್ರ ಮೊದಲು ಎಷ್ಟಿತ್ತೋ ಅಷ್ಟೇ ಇರುತ್ತದೆ. ಲೆಕ್ಕ ತಪ್ಪುವುದೇ ಇಲ್ಲಿ. ಕುದುರೆಯ ಮೈ ಬೆಚ್ಚಗಿಡುವುದು ನಾರು, ಅಂದರೆ ಹುಲ್ಲು. ದೊಡ್ಡ ಕರುಳಿನಲ್ಲಿರುವ ಸೂಕ್ಷ್ಮಜೀವಿಗಳು ಆ ನಾರನ್ನು ಹುಳಿಸಿ ಒಡೆಯುವಾಗ ಶಾಖ ಹುಟ್ಟುತ್ತದೆ, ಆ ಕೆಲಸ ರಾತ್ರಿಯಿಡೀ ನಡೆಯುತ್ತದೆ. ಬಿಸಿಬಿಸಿ ಬೂಸಾ ಗಂಜಿಯ ಬಿಸಿ ಹೊಟ್ಟೆಗೆ ಹೋದ ಸ್ವಲ್ಪ ಹೊತ್ತಿಗೇ ಆರಿಹೋಗುತ್ತದೆ. ಹಾಗಾದರೆ ಗಂಜಿ ಏಕೆ ಬೇಕು? ನೀರಿಗಾಗಿ. ಚಳಿಯಲ್ಲಿ ಕುದುರೆ ಕಡಿಮೆ ನೀರು ಕುಡಿಯುತ್ತದೆ, ಒಣ ಹುಲ್ಲು ಕರುಳಿನಲ್ಲಿ ಕಟ್ಟಿಕೊಳ್ಳುತ್ತದೆ. ಗಂಜಿಯ ಜೊತೆ ಮೂರು ಲೀಟರ್ ನೀರು, ಒಂದಿಷ್ಟು ಉಪ್ಪು ಹೊಟ್ಟೆಗೆ ಸೇರಿದರೆ ಆ ಅಪಾಯ ತಗ್ಗುತ್ತದೆ.

ನಮ್ಮ ಚಳಿಯನ್ನೂ ಅದರ ಅಳತೆಯಲ್ಲೇ ನೋಡಬೇಕು. ಹದವಾದ ಹವೆಗೆ ಒಗ್ಗಿದ, ಆರೋಗ್ಯವಂತ, ಮೈ ಒಣಗಿರುವ ಕುದುರೆಗೆ ಸುಮಾರು 5 ಡಿಗ್ರಿಯವರೆಗೆ ಹೆಚ್ಚಿನ ಆಹಾರ ಬೇಕಾಗುವುದಿಲ್ಲ. ಅದಕ್ಕಿಂತ ಕೆಳಗೆ ಪ್ರತಿ ಡಿಗ್ರಿಗೆ ಆಹಾರವನ್ನು ಸುಮಾರು ನೂರಕ್ಕೆ ಎರಡೂವರೆಯಷ್ಟು ಏರಿಸಬೇಕು. ಮೈಸೂರು, ಬೆಂಗಳೂರಿನ ರಾತ್ರಿಗಳು ಅಷ್ಟು ಕೆಳಗೆ ಇಳಿಯುವುದಿಲ್ಲ. ಬೀದರ್, ವಿಜಯಪುರದ ಕಡೆ ಕೆಲವು ದಿನ ಹತ್ತಿರಕ್ಕೆ ಹೋಗುತ್ತದೆ. ಊಟಿಯಲ್ಲಿ ಸವಾರಿ ಕುದುರೆ ಇಟ್ಟವರಿಗೆ ಮಾತ್ರ ಈ ಲೆಕ್ಕ ನಿಜಕ್ಕೂ ಬೇಕು. ಆದರೆ ಮೈ ನೆನೆದು ಮೇಲೆ ಗಾಳಿ ಬೀಸಿದರೆ, ಕೂದಲು ಕತ್ತರಿಸಿದ್ದರೆ, ಹಲ್ಲು ಸವೆದ ಮುದಿ ಕುದುರೆಯಾದರೆ, ಬಡಕಲಾಗಿದ್ದರೆ, ಮರಿಯಾದರೆ 15 ಡಿಗ್ರಿಯೂ ಚಳಿಯೇ. ಅಂಥವಕ್ಕೆ ಮೊದಲು ಒಣಗಿದ ನೆಲ, ಗಾಳಿ ತಡೆಯುವ ಗೋಡೆ, ಒಣ ಗೋಣಿತಾಟು ಬೇಕು. ಮೇವಿನ ಮಾತು ಆಮೇಲೆ.

ಮೊದಲು ತೂಕ

ಅಂದಾಜಿನ ಮೇಲೆ ಹಾಕಿದ ಮೇವು ಅಂದಾಜಿನಂತೆಯೇ ಕೆಲಸ ಮಾಡುತ್ತದೆ. ದರ್ಜಿಯವರ ಅಳತೆ ಟೇಪು ಇದ್ದರೆ ಸಾಕು. ಮುಂಗಾಲಿನ ಹಿಂದೆ, ಹೆಗಲಿನ ದಿಬ್ಬದ ಹಿಂಬದಿಗೆ ಸುತ್ತಿ ಎದೆ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ತೆಗೆಯಿರಿ. ಭುಜದ ಮುಂಭಾಗದ ಮೂಳೆಯಿಂದ ಪೃಷ್ಠದ ತುದಿಯವರೆಗೆ ಉದ್ದ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಸುತ್ತಳತೆ 160, ಉದ್ದ 145 ಇದ್ದರೆ ಸುಮಾರು 312 ಕೆಜಿ. ಟಾಂಗಾ ಎಳೆಯುವ ಕುದುರೆಗಳು ಹೆಚ್ಚುಕಡಿಮೆ ಈ ಮಟ್ಟದಲ್ಲೇ ಇರುತ್ತವೆ. ರೇಸಿನಿಂದ ನಿವೃತ್ತಿಯಾಗಿ ಸವಾರಿ ಶಾಲೆಗೆ ಬಂದ ಥರೋಬ್ರೆಡ್ 450 ಕೆಜಿ ದಾಟುತ್ತದೆ. ಮುಂದೆ ಕೊಟ್ಟ ಅಳತೆಗಳೆಲ್ಲ 300 ಕೆಜಿಯ ಕುದುರೆಗೆ. ನಿಮ್ಮದಕ್ಕೆ ತಕ್ಕಂತೆ ಏರಿಸಿ, ಇಳಿಸಿ.

ಹದಿನೈದು ದಿನಕ್ಕೊಮ್ಮೆ ಮತ್ತೆ ಅಳೆಯಿರಿ, ಪಕ್ಕೆಲುಬಿನ ಮೇಲೆ ಕೈಯಾಡಿಸಿ. ಚಳಿಗಾಲದ ದಟ್ಟ ಕೂದಲು ಕಣ್ಣಿಗೆ ಮೋಸ ಮಾಡುತ್ತದೆ. ನೋಡಲು ದುಂಡಗಿರುವ ಕುದುರೆಯ ಎಲುಬು ಕೈಗೆ ಚುಚ್ಚುವುದುಂಟು.

ಹುಲ್ಲು

ದಿನಕ್ಕೆ ತೂಕದ ನೂರಕ್ಕೆ ಎರಡರಷ್ಟು ಒಣಮೇವು, ಅಂದರೆ 6 ಕೆಜಿ. ಎಷ್ಟೇ ಕಡಿಮೆ ಅಂದರೂ ನೂರಕ್ಕೆ ಒಂದೂವರೆಗಿಂತ ಇಳಿಸಬಾರದು. ಚಳಿ ಜೋರಾದ ರಾತ್ರಿ ಇನ್ನೊಂದು ಕೆಜಿ ಸೇರಿಸಿ, ಅದನ್ನು ಸಂಜೆಯ ಕೊನೆಯ ಪಾಲಿಗೇ ಸೇರಿಸಿ. ಬೆಳಗಿನ ಜಾವ ಮೂರು ಗಂಟೆಗೆ ಬಾನಿ ಖಾಲಿಯಿದ್ದರೆ ಸಂಜೆ ಹಾಕಿದ ಬೆಲ್ಲದಿಂದ ಏನೂ ಆಗುವುದಿಲ್ಲ.

ಯಾವ ಹುಲ್ಲು ಅನ್ನುವುದು ಊರಿನ ಮೇಲೆ ಹೋಗುತ್ತದೆ. ಹಳೇ ಮೈಸೂರು ಕಡೆ ರಾಗಿ ಹುಲ್ಲು ಸಿಗುತ್ತದೆ, ಭತ್ತದ ಹುಲ್ಲಿಗಿಂತ ಅದು ಎಷ್ಟೋ ಮೇಲು. ಭತ್ತದ ಹುಲ್ಲಿನಲ್ಲಿ ಸಿಲಿಕಾ ಎಂಬ ಮರಳಿನಂಥ ಅಂಶ ಜಾಸ್ತಿ, ಸತ್ವ ಕಡಿಮೆ. ಬರೀ ಅದನ್ನೇ ಹಾಕಿ ನೀರು ಕಡಿಮೆಯಾದರೆ ಕರುಳು ಕಟ್ಟುವ ಅಪಾಯ ಹೆಚ್ಚು. ಉತ್ತರ ಕರ್ನಾಟಕದಲ್ಲಿ ಜೋಳದ ಕಣಿಕೆ ಹಾಕುತ್ತಾರೆ. ಚೆನ್ನಾಗಿ ಒಣಗಿದ್ದರೆ ಸರಿ. ಎಳೆಯ ಹಸಿರು ಜೋಳದ ಪೈರಿನಲ್ಲಿ ಸೈನೈಡ್ ವಿಷವಿರುತ್ತದೆ. ಅದನ್ನೇ ಮೇಯ್ದ ಕುದುರೆಗಳಿಗೆ ಮೂತ್ರಕೋಶದ ತೊಂದರೆ, ಹಿಂಗಾಲಿನ ತೂರಾಟ ಬರುತ್ತದೆ. ನೇಪಿಯರ್ ಹುಲ್ಲಿನಲ್ಲಿ ಆಕ್ಸಲೇಟ್ ಇದೆ, ಅದು ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ಅದೊಂದನ್ನೇ ವರ್ಷವಿಡೀ ಹಾಕಬೇಡಿ.

ಈ ಕೊರತೆಗಳಿಗೆಲ್ಲ ಒಳ್ಳೆಯ ಜೊತೆ ಕುದುರೆ ಮಸಾಲೆ ಸೊಪ್ಪು, ಅಂದರೆ ಲೂಸರ್ನ್. ಪ್ರೋಟೀನೂ ಇದೆ, ಕ್ಯಾಲ್ಸಿಯಮ್ಮೂ ಇದೆ. ಹಸಿಯದಾದರೆ ದಿನಕ್ಕೆ 3 ಕೆಜಿ, ಕೊಯ್ದು ನೆರಳಲ್ಲಿ ಕೆಲವು ಗಂಟೆ ಹರಡಿ ಬಾಡಿಸಿ ಕೊಡಿ. ಕಟ್ಟುಗಳನ್ನು ಒಂದರ ಮೇಲೊಂದು ಪೇರಿಸಿಟ್ಟರೆ ಒಳಗೆ ಕಾವು ಹುಟ್ಟಿ ಹುಳಿಯುತ್ತದೆ, ಆ ಸೊಪ್ಪು ತಿಂದರೆ ಹೊಟ್ಟೆ ಉಬ್ಬುತ್ತದೆ. ಬೆಳಗಿನ ಇಬ್ಬನಿಯಲ್ಲಿ ನೆನೆದ ಯಾವ ಮೇವಾದರೂ ಮಧ್ಯಾಹ್ನದೊಳಗೆ ಬಿಡಿಸಿ ಒಣಗಿಸಿ. ಬೂಷ್ಟಿನ ವಾಸನೆ ಬಂದರೆ ಮುಲಾಜಿಲ್ಲದೆ ತಿಪ್ಪೆಗೆ ಹಾಕಿ. ಕಡಲೆಕಾಯಿ ಬಳ್ಳಿಯ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಅದರಲ್ಲಿ ಬೂಷ್ಟು ಬೆಳೆದರೆ ಅಫ್ಲಾಟಾಕ್ಸಿನ್ ಸೇರಿರಬಹುದು, ಯಕೃತ್ತು ಹಾಳಾಗುತ್ತದೆ, ಬೇಯಿಸಿದರೂ ಆ ವಿಷ ಹೋಗುವುದಿಲ್ಲ.

ನೀರು

300 ಕೆಜಿಯ ಕುದುರೆ ದಿನಕ್ಕೆ 15ರಿಂದ 25 ಲೀಟರ್ ಕುಡಿಯಬೇಕು. ರಾತ್ರಿಯೆಲ್ಲ ಕಲ್ಲು ತೊಟ್ಟಿಯಲ್ಲಿ ತಣ್ಣಗಾದ ನೀರಿಗೆ ಬೆಳಿಗ್ಗೆ ಮೂತಿ ಇಟ್ಟು ಎತ್ತಿಬಿಡುತ್ತದೆ. ಒಂದು ಬಕೆಟ್ಟಿಗೆ ಎರಡು ಚೊಂಬು ಕುದಿನೀರು ಬೆರೆಸಿ, ಕೈ ಅದ್ದಿದರೆ ಚಳಿ ಹಿಡಿಯದಷ್ಟಾದರೆ ಸಾಕು. ಹುಲ್ಲು ತಿಂದ ಮೇಲಿನ ಒಂದೆರಡು ಗಂಟೆಯಲ್ಲೇ ಕುದುರೆ ಹೆಚ್ಚು ಕುಡಿಯುವುದು, ಆ ಹೊತ್ತಿಗೆ ಬಕೆಟ್ಟು ಮುಂದಿರಲಿ. ಜೊತೆಗೆ ದಿನಕ್ಕೆ 30 ಗ್ರಾಂ ಉಪ್ಪು. ಬಾಯಾರಿಕೆ ಹುಟ್ಟಿಸುವುದು ಅದೇ. ಕಲ್ಲುಪ್ಪಿನ ದೊಡ್ಡ ಹೆಂಟೆಯೊಂದನ್ನು ಬಾನಿಯಲ್ಲಿಟ್ಟರೂ ಒಳ್ಳೆಯದೇ, ಆದರೆ ಎಲ್ಲ ಕುದುರೆಗಳೂ ಬೇಕಾದಷ್ಟು ನೆಕ್ಕುವುದಿಲ್ಲ. ಆಹಾರದಲ್ಲಿ ಬೆರೆಸಿದ್ದೇ ಲೆಕ್ಕ.

ನೀರು ಸಾಲುತ್ತಿದೆಯೇ ಎಂದು ಲದ್ದಿ ಹೇಳುತ್ತದೆ. ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಕಬೇಕು, ನೆಲಕ್ಕೆ ಬಿದ್ದಾಗ ಉಂಡೆ ಒಡೆಯಬೇಕು. ಚಿಕ್ಕದಾಗಿ, ಗಟ್ಟಿಯಾಗಿ, ಮೇಲೆ ಲೋಳೆ ಹೊಳೆಯುತ್ತಿದ್ದರೆ ಅವತ್ತೇ ಒಣಹುಲ್ಲು ಸ್ವಲ್ಪ ಕಡಿಮೆ ಮಾಡಿ, ಮಿಕ್ಕಿದ್ದನ್ನು ನೀರಿನಲ್ಲಿ ನೆನೆಸಿ ಕೊಡಿ.

ಬಿಸಿ ಹುರುಳಿ-ಬೂಸಾ

ಒಂದು ಹೊತ್ತಿಗೆ ಬೇಕಾದದ್ದು:

ಹುರುಳಿ 250 ಗ್ರಾಂ
ಗೋಧಿ ಬೂಸಾ 250 ಗ್ರಾಂ
ಬೆರಳುದ್ದ ಕತ್ತರಿಸಿದ ಒಣ ಲೂಸರ್ನ್ ಅಥವಾ ರಾಗಿ ಹುಲ್ಲು, ಎರಡು ದೊಡ್ಡ ಹಿಡಿ
ಉಪ್ಪು 20 ಗ್ರಾಂ (ಉಳಿದ 10 ಗ್ರಾಂ ಇನ್ನೊಂದು ಹೊತ್ತಿಗೆ)
ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ 15 ಗ್ರಾಂ
ಸೂರ್ಯಕಾಂತಿ ಅಥವಾ ತೌಡಿನ ಎಣ್ಣೆ 30 ಮಿಲಿ
ನೀರು ಒಟ್ಟು 3 ಲೀಟರ್

ಹುರುಳಿಯನ್ನು ಕಲ್ಲು ಆರಿಸಿ, ತೊಳೆದು, 10–12 ಗಂಟೆ ನೆನೆಸಿ. ನೆನೆಸಿದ ನೀರು ಚೆಲ್ಲಿ. ಹೊಸ ನೀರು ಒಂದೂವರೆ ಲೀಟರ್ ಹಾಕಿ ಕುಕ್ಕರಿನಲ್ಲಿ ನಾಲ್ಕೈದು ಕೂಗು, ತಪ್ಪಲೆಯಲ್ಲಾದರೆ ಮುಕ್ಕಾಲರಿಂದ ಒಂದು ಗಂಟೆ ಬೇಯಿಸಿ. ಒಂದು ಕಾಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿ ನೋಡಿ. ನಡುವೆ ನುಚ್ಚು ತಗಲದೆ ಪೂರ್ತಿ ಮಸೆದುಹೋಗಬೇಕು. ಅರೆಬೆಂದ ಹುರುಳಿಯಲ್ಲಿ ಪ್ರೋಟೀನ್ ಜೀರ್ಣವಾಗಲು ಅಡ್ಡಿ ಮಾಡುವ ಅಂಶ ಉಳಿದಿರುತ್ತದೆ, ಕಾಳು ಇಡಿಯಾಗಿ ಲದ್ದಿಯಲ್ಲಿ ಹೊರಬರುತ್ತದೆ. ಬೇಯಿಸಿದ ಕಟ್ಟು ಮನೆಯವರ ಸಾರಿಗೆ ಹೋಗುವುದು ಎಲ್ಲೆಡೆ ನಡೆದುಬಂದ ಪದ್ಧತಿ, ಅದಕ್ಕೆ ಅಡ್ಡಿಯಿಲ್ಲ. ಬಸಿದಷ್ಟು ಬಿಸಿನೀರನ್ನು ಕುದುರೆಯ ಪಾಲಿಗೆ ಮರಳಿಸಿದರಾಯಿತು.

ಬಕೆಟ್ಟಿನಲ್ಲಿ ಬೂಸಾ, ಕತ್ತರಿಸಿದ ಹುಲ್ಲು ಹಾಕಿ, ಬೆಂದ ಹುರುಳಿ ಮತ್ತು ಉಳಿದ ಕುದಿನೀರು ಸುರಿದು ಕಲಸಿ. ಗೋಣಿತಾಟು ಮುಚ್ಚಿ ಇಪ್ಪತ್ತು ನಿಮಿಷ ಬಿಡಿ. ಆರುತ್ತಾ ಬಂದಾಗ ಉಪ್ಪು, ಕ್ಯಾಲ್ಸಿಯಂ ಪುಡಿ, ಎಣ್ಣೆ ಬೆರೆಸಿ. ಹಿಡಿ ತುಂಬ ತೆಗೆದು ಅದುಮಿದರೆ ಮುದ್ದೆ ನಿಲ್ಲಬೇಕು, ಬೆರಳ ಸಂದಿನಿಂದ ನೀರು ತೊಟ್ಟಿಕ್ಕಬೇಕು. ಕೈ ತಳಕ್ಕೆ ಇಳಿಸಿ ಬಿಸಿ ನೋಡಿ. ಮೇಲೆ ಆರಿದಂತೆ ಕಂಡರೂ ತಳದಲ್ಲಿ ಬಾಯಿ ಸುಡುವಷ್ಟು ಬಿಸಿ ಇರುತ್ತದೆ. ಮೈಬಿಸಿಗಿಂತ ಹೆಚ್ಚಿರಬಾರದು. ಮೊದಲು ಅರ್ಧ ಗಂಟೆ ಹುಲ್ಲು, ಆಮೇಲೆ ಇದು. ಗಾಡಿಯಿಂದ ಬಿಚ್ಚಿದ ಕೂಡಲೇ ಕೊಡಬೇಡಿ, ಉಸಿರು ಇಳಿದು ಬೆವರು ಆರಲಿ. ಒಂದು ಗಂಟೆಯಲ್ಲಿ ತಿನ್ನದೆ ಬಿಟ್ಟದ್ದನ್ನು ಎತ್ತಿ ಚೆಲ್ಲಿ, ಬಕೆಟ್ಟು ತೊಳೆಯಿರಿ. ರಾತ್ರಿಯದನ್ನು ಬೆಳಿಗ್ಗೆ ಬಿಸಿ ಮಾಡಿ ಕೊಡುವುದು ಬೇಡವೇ ಬೇಡ. ಹುಳಿ ಬಂದ ಹುರುಳಿ ಕುದುರೆಗೆ ಹೊಟ್ಟೆಶೂಲೆ ತರುತ್ತದೆ, ಕುದುರೆಗೆ ವಾಂತಿ ಮಾಡಿ ಹೊರಹಾಕುವ ದಾರಿಯೂ ಇಲ್ಲ.

ಕ್ಯಾಲ್ಸಿಯಂ ಪುಡಿಯನ್ನು ಮರೆಯುವವರೇ ಹೆಚ್ಚು. ಬೂಸಾದಲ್ಲಿ ರಂಜಕ ವಿಪರೀತ, ಕ್ಯಾಲ್ಸಿಯಂ ಸುಮಾರು ಅದರ ಹತ್ತರಲ್ಲೊಂದು ಪಾಲಿನಷ್ಟೇ. ತಿಂಗಳುಗಟ್ಟಲೆ ಬರೀ ಬೂಸಾ ಹಾಕಿದರೆ ದೇಹ ಮೂಳೆಯಿಂದ ಕ್ಯಾಲ್ಸಿಯಂ ಕೀಳುತ್ತದೆ. ಮುಖದ ಮೂಳೆ ಊದಿ ತಲೆ ದೊಡ್ಡದಾಗಿ ಕಾಣುತ್ತದೆ, ಹಲ್ಲು ಅಲ್ಲಾಡುತ್ತದೆ, ಕುಂಟು ಕಾಲು ಬದಲಿಸುತ್ತಾ ಹೋಗುತ್ತದೆ. ಬೇಕಾದದ್ದು ಪಶು ಆಹಾರದ ಅಂಗಡಿಯಲ್ಲಿ ಸಿಗುವ ಸುಣ್ಣಕಲ್ಲಿನ ಪುಡಿ. ಎಲೆ ಅಡಿಕೆಗೆ ಹಚ್ಚುವ ಸುಣ್ಣ, ಗೋಡೆಗೆ ಬಳಿಯುವ ಸುಣ್ಣ ಬೇರೆ. ಅವು ಬಾಯಿ, ಹೊಟ್ಟೆ ಸುಡುತ್ತವೆ.

ಎಣ್ಣೆಯನ್ನು ಮೊದಲ ದಿನ 10 ಮಿಲಿಯಿಂದ ಶುರು ಮಾಡಿ ಎರಡು ವಾರದಲ್ಲಿ ಏರಿಸಿ, ಇಲ್ಲದಿದ್ದರೆ ಭೇದಿ. ಬಡಕಲು ಕುದುರೆಗೆ 100 ಮಿಲಿಯವರೆಗೂ ಕೊಡಬಹುದು. ಮೈ ತುಂಬಲು ಧಾನ್ಯಕ್ಕಿಂತ ಇದು ಸುರಕ್ಷಿತ ದಾರಿ. ಅಕ್ಕಿ ತೌಡು ಹಾಕುವವರು ಗಿರಣಿಯಿಂದ ತಂದ ಎರಡು ಮೂರು ದಿನದೊಳಗೆ ಮುಗಿಸಿ. ಅದರ ಎಣ್ಣೆ ಬೇಗ ಕನರುತ್ತದೆ, ವಾಸನೆ ಬಂದಿದ್ದನ್ನು ಕುದುರೆ ಮುಟ್ಟುವುದಿಲ್ಲ, ಮುಟ್ಟಿಸಲೂ ಬಾರದು. ಅಗಸೆ ಬೀಜ ಇದ್ದರೆ 50 ಗ್ರಾಮನ್ನು ಕುದಿಯುವ ನೀರಿಗೇ ಹಾಕಿ, ಮುಚ್ಚಳವಿಲ್ಲದೆ ಹತ್ತು ನಿಮಿಷ ಕುದಿಸಿ, ಲೋಳೆಯಾದ ಮೇಲೆ ಬೆರೆಸಿ. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಯಿಟ್ಟರೆ ಅದರಲ್ಲಿ ಸೈನೈಡ್ ಅಂಶ ಬಿಡುಗಡೆಯಾಗುತ್ತದೆ.

ಇದನ್ನು ದಿನಾ ಕೊಡಿ, ಇಲ್ಲವೇ ಕೊಡಲೇಬೇಡಿ. ವಾರಕ್ಕೊಂದು ಸಲ ಭಾನುವಾರ ರಾತ್ರಿ ದೊಡ್ಡ ಬಕೆಟ್ ಬೂಸಾ ಕೊಡುವ ಹಳೆಯ ಪದ್ಧತಿ ಹೊಟ್ಟೆ ತೊಳೆಯುತ್ತದೆ ಅನ್ನುತ್ತಾರೆ. ಆಗುವುದೇನೆಂದರೆ, ಆರು ದಿನ ಹುಲ್ಲಿಗೆ ಒಗ್ಗಿದ ಕರುಳಿನ ಸೂಕ್ಷ್ಮಜೀವಿಗಳಿಗೆ ಏಳನೆಯ ದಿನ ಬೇರೆಯದೇ ಆಹಾರ ಬಂದು ಲದ್ದಿ ಸಡಿಲವಾಗುತ್ತದೆ. ಅದು ಶುದ್ಧಿಯಲ್ಲ, ಅಜೀರ್ಣ. ಹೊಸದಾಗಿ ಶುರು ಮಾಡುವವರು ಮೊದಲ ಮೂರು ದಿನ ಕಾಲು ಪಾಲು ಕೊಟ್ಟು, ಹತ್ತು ಹನ್ನೆರಡು ದಿನದಲ್ಲಿ ಪೂರ್ತಿ ಅಳತೆಗೆ ಬನ್ನಿ.

ಹುರುಳಿ ಉಷ್ಣ, ಆದ್ದರಿಂದ ಚಳಿಗೆ ಹೆಚ್ಚು ಹಾಕಬೇಕು ಎಂದು ಅರ್ಧ ಕೆಜಿ ದಾಟಿಸಿದರೆ ಲಾಯ ಹೊಕ್ಕ ಕೂಡಲೇ ಗೊತ್ತಾಗುತ್ತದೆ: ಕಣ್ಣು ಉರಿಸುವ ಅಮೋನಿಯಾ ವಾಸನೆ. ಹೆಚ್ಚಾದ ಪ್ರೋಟೀನ್ ಮೂತ್ರದಲ್ಲಿ ಹೋಗಿ ಆ ಗಾಳಿಯಾಗುತ್ತದೆ. ಚಳಿಯೆಂದು ಕಿಟಕಿ ಮುಚ್ಚಿದ್ದರಂತೂ ಕುದುರೆಗೆ ಕೆಮ್ಮು ಹತ್ತುತ್ತದೆ. ಶುಂಠಿ, ಓಂಕಾಳು ಚಿಟಿಕೆಯಷ್ಟು ರುಚಿಗೆ ಇರಲಿ, ಮೈ ಬಿಸಿ ಮಾಡುವ ಭರವಸೆ ಅವುಗಳ ಮೇಲೆ ಬೇಡ. ರುಚಿಗೇ ಆದರೆ ಒಂದು ಚಮಚ ಮೆಂತ್ಯದ ಪುಡಿ ವಾಸಿ, ಅದರ ವಾಸನೆಗೆ ಕುದುರೆಗಳು ಸೋಲುತ್ತವೆ. ಬೆಳ್ಳುಳ್ಳಿ ದಿನಾ ಹೆಚ್ಚು ಹಾಕಿದರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ಈರುಳ್ಳಿಯದೂ ಅದೇ ಕಥೆ. ರಮ್ಮು, ಬ್ರಾಂದಿ ಚರ್ಮದ ರಕ್ತನಾಳ ಹಿಗ್ಗಿಸಿ ಇರುವ ಶಾಖವನ್ನೂ ಹೊರಗೆ ಬಿಡುತ್ತವೆ.

ಕೈತಿಂಡಿ

ಕ್ಯಾರೆಟ್ಟನ್ನು ಉದ್ದುದ್ದ ಸೀಳಿ ಕೊಡಿ. ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿದರೆ ಗಂಟಲಿಗೆ ಬಿರಡೆಯಂತೆ ಕೂತುಕೊಳ್ಳುತ್ತದೆ. ಎರಡು ದೊಡ್ಡ ಕ್ಯಾರೆಟ್ ದಿನಕ್ಕೆ ಧಾರಾಳ. ಸೇಬು ಒಂದು, ಬೀಜ ತೆಗೆದು ನಾಲ್ಕು ಹೋಳು ಮಾಡಿ. ಬಾಳೆಹಣ್ಣು ಸಿಪ್ಪೆಸಮೇತ ಆಗುತ್ತದೆ, ಸಿಪ್ಪೆ ತೊಳೆದಿರಬೇಕು. ಕಲ್ಲಂಗಡಿ ಸಿಪ್ಪೆ, ಸಿಹಿಗುಂಬಳ, ಬೀಜ ತೆಗೆದ ಪಪ್ಪಾಯ, ಬೀಟ್ರೂಟು ಎಲ್ಲ ಸರಿ. ಬೀಟ್ರೂಟು ತಿಂದ ಮರುದಿನ ಮೂತ್ರ ಕೆಂಪಾದರೆ ಗಾಬರಿ ಬೇಡ. ಖರ್ಜೂರ, ಮಾವು ಕೊಡುವಾಗ ಬೀಜ, ಓಟೆ ನಿಮ್ಮ ಕೈಯಲ್ಲೇ ಉಳಿಯಲಿ. ಕಬ್ಬು ಸಿಪ್ಪೆ ಹೆರೆದು, ಬೆರಳುದ್ದ ಕತ್ತರಿಸಿ, ನಾಲ್ಕಾಗಿ ಸೀಳಿದ ಎರಡು ಮೂರು ತುಂಡು. ಬೆಲ್ಲ ಗೋಟಡಿಕೆ ಗಾತ್ರದ ಎರಡು ಚೂರು. ಗೊರಸಿನ ಊತ ಬಂದುಹೋದ ಕುದುರೆಗೂ, ಕುತ್ತಿಗೆಯ ಮೇಲೆ ಕೊಬ್ಬು ಗಡ್ಡೆಗಟ್ಟಿದ ಕುದುರೆಗೂ ಕಬ್ಬು, ಬೆಲ್ಲ ಎರಡೂ ಇಲ್ಲ.

ಮನೆಯಲ್ಲೇ ಮಾಡಿಟ್ಟುಕೊಳ್ಳುವ ತಿಂಡಿ ಬೇಕಾದರೆ ಬೂಸಾ 200 ಗ್ರಾಂ, ರಾಗಿ ಹಿಟ್ಟು 100 ಗ್ರಾಂ, ತುರಿದ ಕ್ಯಾರೆಟ್ ಒಂದು, ಪುಡಿ ಮಾಡಿದ ಅಗಸೆ ಒಂದು ಚಮಚ, 30 ಗ್ರಾಂ ಬೆಲ್ಲ ಕರಗಿಸಿದ ಅರ್ಧ ಲೋಟ ಬಿಸಿನೀರು ಸೇರಿಸಿ ಗಟ್ಟಿಯಾಗಿ ಕಲಸಿ. ಉಂಡೆ ಕಟ್ಟಬೇಡಿ, ನಿಪ್ಪಟ್ಟಿನಷ್ಟು ತೆಳ್ಳಗೆ, ಎರಡು ರೂಪಾಯಿ ನಾಣ್ಯದಗಲ ತಟ್ಟಿ. ಓವನ್ನಿನಲ್ಲಿ 150 ಡಿಗ್ರಿಯಲ್ಲಿ 40 ನಿಮಿಷ, ಇಲ್ಲವೇ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಎರಡೂ ಕಡೆ ಒಣಗುವ ತನಕ. ಮುರಿದರೆ ಸದ್ದು ಬರಬೇಕು. ನಡುವೆ ಮೆತ್ತಗಿದ್ದರೆ ಎರಡೇ ದಿನದಲ್ಲಿ ಬೂಷ್ಟು ಬರುತ್ತದೆ. ಒಣ ಡಬ್ಬಿಯಲ್ಲಿ ಒಂದು ವಾರ ಇಡಬಹುದು, ದಿನಕ್ಕೆ ನಾಲ್ಕೈದು ಸಾಕು.

ಕೊಡುವಾಗ ಅಂಗೈ ಚಪ್ಪಟೆಯಾಗಿ ಬಿಡಿಸಿ, ಹೆಬ್ಬೆರಳು ಒತ್ತಿಹಿಡಿಯಿರಿ. ಜೇಬು ಹುಡುಕುವ, ಕಚ್ಚುವ ಚಾಳಿ ಇರುವ ಕುದುರೆಗೆ ಕೈಯಲ್ಲಿ ಕೊಡುವುದನ್ನೇ ಬಿಟ್ಟು ಬಾನಿಗೆ ಹಾಕಿ.

ಮೈಸೂರಿನ ಟಾಂಗಾ ಸ್ಟ್ಯಾಂಡಿನಲ್ಲಾಗಲಿ ಜಾತ್ರೆಯಲ್ಲಾಗಲಿ ತೊಂದರೆ ಬರುವುದು ಒಂದು ತುತ್ತಿನಿಂದಲ್ಲ, ಕೈಗಳ ಸಂಖ್ಯೆಯಿಂದ. ಒಬ್ಬರು ಬ್ರೆಡ್ಡು, ಇನ್ನೊಬ್ಬರು ಬಿಸ್ಕತ್ತು, ಮತ್ತೊಬ್ಬರು ಪ್ರಸಾದದ ಪೊಂಗಲ್ಲು. ಸಂಕ್ರಾಂತಿಯ ದಿನ ಎಳ್ಳು-ಬೆಲ್ಲ, ಕಬ್ಬು, ಹುಗ್ಗಿ ಮೂರೂ ಸೇರುತ್ತವೆ. ಒಂದು ಹೊತ್ತಿಗೆ ತೂಕದ ಪ್ರತಿ ಕೆಜಿಗೆ 1 ಗ್ರಾಂ ಪಿಷ್ಟ ಮೀರಬಾರದು ಎನ್ನುವುದು ಲೆಕ್ಕ. 300 ಕೆಜಿಯ ಕುದುರೆಗೆ 300 ಗ್ರಾಂ. ಅರ್ಧ ಕೆಜಿ ಅಕ್ಕಿಯ ಅನ್ನದಲ್ಲೇ ಅದಕ್ಕಿಂತ ಹೆಚ್ಚಿದೆ. ಮಿಕ್ಕ ಪಿಷ್ಟ ದೊಡ್ಡ ಕರುಳಿಗೆ ಇಳಿದು ಆಮ್ಲವಾಗುತ್ತದೆ, ಅದರ ಪೆಟ್ಟು ಒಂದೆರಡು ದಿನದಲ್ಲಿ ಗೊರಸಿಗೆ ಬೀಳುತ್ತದೆ. ಗೊರಸು ಬಿಸಿ, ಭಾರವೆಲ್ಲ ಹಿಂಗಾಲಿಗೆ, ಟಾರು ರಸ್ತೆಯ ಮೇಲೆ ಹೆಜ್ಜೆ ಇಡಲು ಹಿಂಜರಿಕೆ ಕಂಡರೆ ಅದು ಲ್ಯಾಮಿನೈಟಿಸ್, ಅಂದರೆ ಗೊರಸಿನ ಊತ. ಜನರ ಕೈ ತಡೆಯುವುದು ಕಷ್ಟ. ನೀವೇ ಒಂದು ಪಾತ್ರೆಯಲ್ಲಿ ಸೀಳಿದ ಕ್ಯಾರೆಟ್ ಇಟ್ಟುಕೊಂಡು "ಇದನ್ನು ಕೊಡಿ ಸಾರ್" ಅಂದರೆ ಕೇಳುತ್ತಾರೆ.

ಹತ್ತಿರಕ್ಕೂ ಬರಬಾರದವು

ಕಣಗಿಲೆ ಮೊದಲನೆಯದು. ಎಲೆ, ಹೂ, ಕಡ್ಡಿ ಎಲ್ಲವೂ ವಿಷ, ಒಣಗಿದರೂ ಬಿಡುವುದಿಲ್ಲ, ಹಿಡಿ ತುಂಬದಷ್ಟು ಎಲೆ ಹೃದಯ ನಿಲ್ಲಿಸುತ್ತದೆ. ಮೆರವಣಿಗೆಗೆ ಕುದುರೆಗೆ ಹಾಕುವ ಹಾರದಲ್ಲಿ ಕಣಗಿಲೆ ಇದೆಯೇ ಎಂದು ನೋಡಿ, ಪಕ್ಕದ ಕುದುರೆ ಆ ಹಾರ ಎಳೆದು ತಿನ್ನುತ್ತದೆ. ಹರಳು ಬೀಜ ಮತ್ತು ಗೊಬ್ಬರಕ್ಕೆ ತಂದಿಟ್ಟ ಹರಳು ಹಿಂಡಿಯೂ ಮಾರಕ. ಕೋಳಿ ಆಹಾರದಲ್ಲಿ, ಕೆಲವು ದನದ ಆಹಾರದಲ್ಲಿ ಮೊನೆನ್ಸಿನ್, ಸಲಿನೊಮೈಸಿನ್ ಎಂಬ ಔಷಧ ಬೆರೆಸಿರುತ್ತಾರೆ. ಕೋಳಿಗೆ ಔಷಧ, ಕುದುರೆಯ ಹೃದಯದ ಸ್ನಾಯುವಿಗೆ ವಿಷ. ಆ ಮೂಟೆ, ಆ ಮೊರ, ಆ ಬಕೆಟ್ಟು ಲಾಯಕ್ಕೆ ಬರಬಾರದು. ಕೊಡಗಿನ ತೋಟಗಳಲ್ಲಿ ಬೆಣ್ಣೆಹಣ್ಣಿನ ಮರದಡಿ ಕುದುರೆ ಕಟ್ಟಬೇಡಿ, ಎಲೆಯೂ ಹಣ್ಣೂ ಆಗದು. ಲಂಟಾನ, ಆಲೂಗಡ್ಡೆ ಮತ್ತು ಟೊಮೆಟೊ ಗಿಡ, ಎಲೆಕೋಸು, ಚಾಕೊಲೇಟು, ಹುದುಗಿದ ಹಿಟ್ಟು, ಯಂತ್ರದಲ್ಲಿ ಕತ್ತರಿಸಿ ಗುಡ್ಡೆ ಹಾಕಿದ ಲಾನ್ ಹುಲ್ಲು ಇವೆಲ್ಲ ಬೇಡ.

ರೇಸ್ ಕುದುರೆಯ ಮಾತೇ ಬೇರೆ. ಗಸಗಸೆ ಪಾಯಸದ ಒಂದು ಲೋಟ ಮಾರ್ಫಿನ್ ಆಗಿ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಚಹಾ, ಚಾಕೊಲೇಟು ಕೆಫೀನ್ ಆಗಿ. ತರಬೇತುದಾರರ ಒಪ್ಪಿಗೆಯಿಲ್ಲದೆ ಒಂದು ಬೆಲ್ಲದ ಚೂರೂ ಕೊಡಬೇಡಿ.

ಮೂಗಿನಿಂದ ಎಂಜಲು, ಮೇವು ಸುರಿಯುತ್ತಾ ಕತ್ತು ಚಾಚಿ ನಿಂತರೆ ಗಂಟಲು ಕಟ್ಟಿದೆ: ಮೇವು, ನೀರು ಎರಡನ್ನೂ ತೆಗೆದು ತಲೆ ತಗ್ಗಿಸಿ ನಿಲ್ಲುವಂತೆ ಮಾಡಿ. ಕಾಲು ಕೆರೆದು, ಹೊಟ್ಟೆಯತ್ತ ತಿರುಗಿ ನೋಡಿ, ಬಿದ್ದು ಹೊರಳಿದರೆ ಶೂಲೆ: ಮೇವು ತೆಗೆದು ನೀರು ಮಾತ್ರ ಇಡಿ, ಮೆಲ್ಲಗೆ ನಡೆಸಿ. ಎರಡರಲ್ಲೂ ಕೂಡಲೇ ಪಶುವೈದ್ಯರಿಗೆ ಫೋನ್ ಮಾಡಿ. ಪಶು ಚಿಕಿತ್ಸೆಯ ಸಹಾಯವಾಣಿ 1962. ಗೊಟ್ಟದಲ್ಲಿ (ಔಷಧ ಕುಡಿಸುವ ಬಿದಿರಿನ ಕೊಳವೆ) ಎಣ್ಣೆ, ಸೋಡಾ ಹೊಯ್ಯುವುದು ದನಕ್ಕೇ ಅಪಾಯ, ಕುದುರೆಗಂತೂ ಅರ್ಧ ಶ್ವಾಸಕೋಶಕ್ಕೆ ಹೋಗುತ್ತದೆ. ವೈದ್ಯರಿಗೆ ಕೊನೆಯ ಲದ್ದಿ ಯಾವಾಗ, ಕೊನೆಯ ಮೇವು ಏನು, ಎಷ್ಟು ನೀರು ಎಂದು ಹೇಳಲು ಸಿದ್ಧರಿರಿ.

ಶಿವರಾತ್ರಿ ಹೊತ್ತಿಗೆ ಚಳಿ ಇಳಿಯುತ್ತಿದ್ದಂತೆ ಏರಿಸಿದಷ್ಟೇ ನಿಧಾನವಾಗಿ ಇಳಿಸಿ. ಮೊದಲು ಎಣ್ಣೆ, ಆಮೇಲೆ ಹುರುಳಿ, ಎರಡು ವಾರದ ಲೆಕ್ಕದಲ್ಲಿ. ರಾತ್ರಿಗೆಂದು ಸೇರಿಸಿದ ಒಂದು ಕೆಜಿ ಹುಲ್ಲನ್ನು ಮೈ ನೋಡಿಕೊಂಡು ತೆಗೆಯಿರಿ. ಉಪ್ಪು ಮಾತ್ರ ನಿಲ್ಲಿಸಬೇಡಿ. ಬೆವರುವ ಬೇಸಿಗೆಯಲ್ಲಿ ಅದು ಇನ್ನೂ ಹೆಚ್ಚು ಬೇಕಾಗುತ್ತದೆ.